ಸೈಕಲ್ ಅಂಗಡಿಯಲ್ಲಿ ಕೇಳಬಾರದ ಪ್ರಶ್ನೆ

ಮೊದಲ ಭೇಟಿಯಲ್ಲೇ ಅವಳು ಅವನ ಕೈಗೆ ಹೊಡೆದಳು.

ಬೇರೆ ದಾರಿ ಇರಲಿಲ್ಲ. ತಲೆಕೆಳಗಾಗಿ ನಿಲ್ಲಿಸಿದ್ದ ಪುಟ್ಟ ಸೈಕಲ್ಲಿನ ಚೈನಿನ ಮೇಲೆ ಅವನ ಮಗಳ ಬೆರಳಿತ್ತು. ಅದನ್ನು ನೋಡದೆ ಅವನು ಪೆಡಲ್ ತಿರುಗಿಸಲು ಹೊರಟಿದ್ದ.

“ಕಣ್ಣು ಎಲ್ಲಿಟ್ಟಿದ್ದೀರಿ?”

“ಅಂಗಡೀಲಿ,” ಎಂದ ಅವನು, ಕೈ ಉಜ್ಜಿಕೊಳ್ಳುತ್ತ. “ಕನ್ನಡಕ ಮಾರೋದು ನನ್ನ ಕೆಲಸ.”

ಏಳು ವರ್ಷದ ಮಗಳು ಕಿಲಕಿಲ ನಕ್ಕಳು. ಅಂಗಡಿಯವಳಿಗೆ ಮಾತ್ರ ನಗು ಬರಲಿಲ್ಲ. ಮನೆಗೆ ಹೋದ ಮೇಲೆ ಬಂತು.

ಸೈಕಲ್ ಅಂಗಡಿ ಮೊದಲು ಅವಳ ಅಪ್ಪನದು, ಅಪ್ಪ ಹೋದ ಮೇಲೆ ಅವಳದು. ಅಪ್ಪ-ಮಗಳು ಎದುರುಬದುರು ಕೂತು ಮಾತಾಡಿದ್ದೇ ಇಲ್ಲ. ಮಧ್ಯೆ ಒಂದು ಪಂಕ್ಚರ್ ಆದ ಚಕ್ರವಿದ್ದರೆ ಮಾತ್ರ ಇಬ್ಬರ ಬಾಯಿಯೂ ಬಿಚ್ಚುತ್ತಿತ್ತು. ಅದನ್ನು ನೆನೆದೇ ಅವಳು ಭಾನುವಾರದ ಬೆಳಗನ್ನು ಬಡಾವಣೆಯ ಅಪ್ಪಂದಿರ ಬಳಗಕ್ಕೆ ಬಿಟ್ಟುಕೊಟ್ಟಿದ್ದಳು. ಮಕ್ಕಳ ಜೊತೆ ಬನ್ನಿ, ಸೈಕಲ್ ಬಿಚ್ಚಿ, ಜೋಡಿಸಿ, ಮಾತು ಬಂದರೆ ಆಡಿ.

ಹೆಂಡತಿ ತೀರಿಕೊಂಡವರು ಬರುತ್ತಿದ್ದರು, ಬೇರೆಯಾದವರು ಬರುತ್ತಿದ್ದರು, ಹೆಂಡತಿ ಒಂದು ದಿನವಾದರೂ ನೆಮ್ಮದಿಯಾಗಿ ಮಲಗಲಿ ಎಂದು ಬರುವವರೂ ಇದ್ದರು. ಅದಕ್ಕೇ ಗೋಡೆಯ ಮೇಲೆ ಅವಳೇ ಬಣ್ಣದಲ್ಲಿ ಬರೆದಿದ್ದಳು: ‘ಮಗುವಿನ ಅಮ್ಮ ಎಲ್ಲಿ ಎಂದು ಯಾರೂ ಯಾರನ್ನೂ ಕೇಳಬಾರದು.’

ಆ ಕಟ್ಟಳೆ ತನ್ನ ಕುತ್ತಿಗೆಗೇ ಬರುತ್ತದೆಂದು ಅವಳಿಗೇನು ಗೊತ್ತಿತ್ತು...

ಅಂಗಡಿಯಲ್ಲಿದ್ದ ಬೆಲ್ಲುಗಳನ್ನೆಲ್ಲ ಬಾರಿಸುತ್ತಿದ್ದ ಆ ಹುಡುಗಿಗೆ ಎಲ್ಲರೂ ‘ಗಂಟೆ’ ಎಂದು ಹೆಸರಿಟ್ಟರು. ಏಳು ತಿಂಗಳಲ್ಲಿ ಗಂಟೆಯ ಅಪ್ಪ ಪಂಕ್ಚರ್ ಹಾಕಲು ಕಲಿತ. ಎಲ್ಲರೂ ಹೋದ ಮೇಲೂ ಉಳಿದು ಕಸ ಗುಡಿಸುತ್ತಿದ್ದ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದ.

‘ಇವನು ಹೋದ ಮೇಲೆ ಅಂಗಡಿ ಯಾಕೆ ಇಷ್ಟು ದೊಡ್ಡದಾಗಿ ಕಾಣುತ್ತೆ?’ ಎಂದು ಒಂದು ಭಾನುವಾರ ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಏಕೆಂದರೆ ಪ್ರತಿ ಭಾನುವಾರ ಹತ್ತು ಗಂಟೆಗೆ ಮಗುವನ್ನು ಬಾಗಿಲವರೆಗೆ ತಂದುಬಿಡುವ ಹೆಂಗಸೊಬ್ಬಳಿದ್ದಳು. ಗಂಟೆಯದೇ ಮೂಗು, ಗಂಟೆಯದೇ ಗಲ್ಲ.

“ಸಾರಿ, ಐದು ನಿಮಿಷ ಲೇಟಾಯ್ತು. ಕೆಮ್ಮಿನ ಔಷಧಿ ಬ್ಯಾಗಲ್ಲಿದೆ.”

“ಪರವಾಗಿಲ್ಲ. ಊಟ ಆದ್ಮೇಲೆ ಕುಡಿಸ್ತೀನಿ. ಥ್ಯಾಂಕ್ಸ್.”

ಎಷ್ಟು ಹೊಂದಾಣಿಕೆ! ಅಂಗಡಿಯವಳ ಅಪ್ಪ-ಅಮ್ಮ ಉಪ್ಪಿನ ಡಬ್ಬಿ ಕೇಳಲೂ ಕೂಗಾಡುತ್ತಿದ್ದರು. ಇಂಥ ಸಂಸಾರದ ಮೇಲೆ ಕಣ್ಣು ಹಾಕಿದೆನಲ್ಲ ಎಂದು ನಾಚಿಕೆಯಾಯಿತು.

ಮುಂದಿನ ಭಾನುವಾರ ಕೆಲಸ ಮುಗಿಯುವ ಹೊತ್ತಿಗೆ, ಅವಳಿ ಮಕ್ಕಳ ಅಪ್ಪನಾದ ಬಸ್ ಡ್ರೈವರಿಗೆ ಅಂಗಡಿಯ ಇನ್ನೊಂದು ಬೀಗದ ಕೈ ಕೊಟ್ಟಳು.

“ಇನ್ಮೇಲೆ ಭಾನುವಾರ ನೀವೇ ನೋಡ್ಕೊಳ್ಳಿ ಅಣ್ಣಾ. ನಾನು ಬರಲ್ಲ.”

“ಏನಮ್ಮಾ, ನಮ್ಮ ಹುಡುಗ್ರ ಕಾಟಾನಾ?”

“ನಂದೇ ಕಾಟ.”

ಎಲ್ಲರೂ ಅಂಗಡಿಯಿಂದ ಹೊರಗೆ ಹೋದರು. ಗಂಟೆಯ ಅಪ್ಪ ಪೊರಕೆ ಹಿಡಿದು ಅಲ್ಲೇ ನಿಂತ. ಮಗಳು ಹೊರಗೆ ಜಗಲಿಯ ಮೇಲೆ ಡ್ರೈವರನ ಅವಳಿಗಳ ಜೊತೆ ಜಗಳವಾಡುತ್ತಿದ್ದಳು.

“ನನ್ನಿಂದ ಏನಾದ್ರೂ ತಪ್ಪಾಯ್ತಾ?” ಎಂದ.

ಸುತ್ತಿಬಳಸಿ ಮಾತಾಡಲು ಅವಳಿಗೆ ಬರುತ್ತಿರಲಿಲ್ಲ. “ನಿಮ್ಮನ್ನ ಇಷ್ಟಪಟ್ಟೆ. ತಪ್ಪು ನಂದು. ನಿಮ್ಮ ಸಂಸಾರ ಚೆನ್ನಾಗಿದೆ, ಹಾಗೇ ಇರ್ಲಿ.”

“ಯಾವ ಸಂಸಾರ?”

“ಬಾಗಿಲಲ್ಲಿ ವಾರವಾರ ನೋಡ್ತೀನಲ್ಲ. ಅಷ್ಟು ಮರ್ಯಾದೆಯಿಂದ ಮಾತಾಡೋ ಗಂಡ-ಹೆಂಡ್ತೀನ ನಾನೆಲ್ಲೂ ಕಂಡಿಲ್ಲ.”

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ.

“ಎರಡು ವರ್ಷ ಕೋರ್ಟಲ್ಲಿ ಕಿತ್ತಾಡಿ ಕಲಿತ ಮರ್ಯಾದೆ ಅದು. ನಾವು ಬೇರೆಯಾಗಿ ಮೂರು ವರ್ಷ ಆಯ್ತು. ಭಾನುವಾರ ಮಾತ್ರ ಮಗು ನನ್ನ ಹತ್ರ. ಮಗೂನ ಎಲ್ಲಿ ತಂದುಬಿಡೋದು ಅನ್ನೋದಕ್ಕೂ ಜಗಳ ಆಗ್ತಿತ್ತು. ನಿಮ್ಮ ಅಂಗಡಿ ಬಾಗಿಲಿಗೆ ಮಾತ್ರ ಇಬ್ರೂ ಒಪ್ಕೊಂಡ್ವಿ.”

ಅವಳು ಸ್ಟೂಲ್ ಎಳೆದುಕೊಂಡು ಕೂತಳು. “ಏಳು ತಿಂಗಳಿಂದ ಬಾಯಿಗೇನಾಗಿತ್ತು?”

“ನೀವು ಕೇಳ್ಲಿಲ್ಲ.”

“ಕೇಳಬಾರದು ಅಂತ ಬರೆದವಳೇ ನಾನಲ್ವಾ?”

“ಹೇಳಬಾರದು ಅಂತ ಬರೆದಿರ್ಲಿಲ್ಲ, ಅದೂ ನಿಜ,” ಎಂದ ಅವನು ಮೆಲ್ಲಗೆ. “ಹೇಳಿದ್ರೆ ಅಯ್ಯೋ ಪಾಪ ಅಂತ ನೋಡ್ತೀರೇನೋ ಅಂತ ಅಳುಕು. ಇಲ್ಲಿ ನಾನು ಬರೀ ಗಂಟೆ ಅಪ್ಪ. ಇವತ್ತು ಹೇಳೋಣ, ಮುಂದಿನ ವಾರ ಹೇಳೋಣ ಅಂತ... ಇಲ್ಲದಿದ್ರೆ ಇಷ್ಟು ಸಣ್ಣ ಅಂಗಡೀಲಿ ಅಷ್ಟೊಂದು ಕಸ ಎಲ್ಲಿರುತ್ತೆ?”

ಈ ಸಲ ನಗಲು ಅವಳು ಮನೆ ಸೇರುವವರೆಗೆ ಕಾಯಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡಳು. ಕೆನ್ನೆಗೆ ಗ್ರೀಸ್ ಮೆತ್ತಿತು.

ಡ್ರೈವರ್ ಬಾಗಿಲಲ್ಲಿ ಇಣುಕಿ, ಇಬ್ಬರ ಮುಖವನ್ನೂ ನೋಡಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟ. “ಈ ಶಟರ್ ಎತ್ತೋಕೆ ನನ್ನ ಸೊಂಟ ಒಪ್ಪಲ್ಲಮ್ಮಾ,” ಎಂದು ಅವಳಿಗಳನ್ನು ಎಳೆದುಕೊಂಡು ಹೋದ.

ಗಂಟೆ ಒಳಗೆ ಬಂದಳು. “ಅಪ್ಪಾ, ಬರೋ ವಾರ ಇಲ್ಲಿಗೇ ಬರ್ತೀವಿ ತಾನೇ?”

ಅವನು ಅಂಗಡಿಯವಳ ಕಡೆ ನೋಡಿದ.

“ಬರ್ಲೇಬೇಕು,” ಎಂದಳು ಅವಳು. “ನಿನ್ನ ಸೈಕಲ್ಲಿಗೆ ಇನ್ನೂ ಬ್ರೇಕ್ ಹಾಕಿಲ್ಲ.”

ಹುಡುಗಿ ಬೆಲ್ ಬಾರಿಸುತ್ತ ಮತ್ತೆ ಜಗಲಿಗೆ ಓಡಿದಳು. ಅವನು ಸೈಕಲ್ಲಿನ ಪೆಡಲ್ ಮೇಲೆ ಕೈಯಿಟ್ಟ.

“ಹೊಡೀತೀರಾ?”

ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು.

“ಮೊದಲು ಚೈನ್ ಮೇಲೆ ಯಾರ ಬೆರಳೂ ಇಲ್ಲ ಅಂತ ನೋಡಿ.”

“ನೋಡಿದೆ. ಇಲ್ಲ.”

“ಹಾಗಾದ್ರೆ ತಿರುಗಿಸಿ.”