ಕಿಟಕಿಯಾಚೆ ಹಿಡಿದ ಕೈ

ಅರವತ್ತೈದನೇ ಇಸವಿ. ಬೊಂಬಾಯಿಯಲ್ಲಿ ಜೆಟ್ ವಿಮಾನ ರಿಪೇರಿ ಮಾಡುತ್ತಿದ್ದ ಶಿವಮಲ್ಲಪ್ಪನವರು ಮದುವೆಗೆಂದು ನನ್ನನ್ನು ನೋಡಲು ಹಿನಕಲ್‌ಗೆ ಬಂದಿದ್ದರು. ಮಾರನೆಯ ದಿನ ಎಲ್ಲರೂ ಸೇರಿ ಚಾಮುಂಡಿ ಬೆಟ್ಟದ ಬಸ್ಸು ಹತ್ತಿದೆವು. ಬೆಟ್ಟ ಇಳಿಯುವಷ್ಟರಲ್ಲಿ ಹೂಂ ಅಥವಾ ಊಹೂಂ, ಒಂದು ಹೇಳಬೇಕು ಎಂದು ಅವ್ವ ನನಗೆ ಹೇಳಿಬಿಟ್ಟಿದ್ದಳು.

ನನ್ನ ಮನಸ್ಸು ಊಹೂಂ ಕಡೆಗೇ ಇತ್ತು. ಹಿಂದೆ ನೋಡಲು ಬಂದಿದ್ದವನು ಬಾಯಿಬಿಟ್ಟರೆ ಸುಳ್ಳು. ಆ ಅಸಹ್ಯ ಇನ್ನೂ ಹೋಗಿರಲಿಲ್ಲ. ಇವರೋ, ತಲೆಗೆ ಎಣ್ಣೆ ಸುರಿದುಕೊಂಡಿದ್ದರು. ಬಿಸಿಲಿಗೆ ಅದು ಕತ್ತಿನ ಮೇಲೆ ಹರಿದು ಬಿಳಿ ಕಾಲರಿಗೆ ಇಳಿಯುತ್ತಿತ್ತು. ನಾನು ಸರಿಯಾಗಿ ಅವರ ಹಿಂದಿನ ಸೀಟು. ಬೇಡವೆಂದರೂ ಕಣ್ಣು ಅಲ್ಲಿಗೇ.

ಅಷ್ಟು ಭಾರದ ವಿಮಾನ ಇಳಿದ ಮೇಲೆ ಹೇಗೆ ನಿಲ್ಲುತ್ತದೆ ಎಂದು ಅವ್ವ ಕೇಳಿದಳು. ಅವರು ಕೈಯನ್ನು ಕಿಟಕಿಯಿಂದಾಚೆ ಚಾಚಿದರು. ಕೈ ಚಪ್ಪಟೆಯಾಗಿ ಹಿಡಿದರೆ ಗಾಳಿ ಎತ್ತಿ ಹಿಡಿಯುತ್ತದೆ, ಅದೇ ರೆಕ್ಕೆ. ರೆಕ್ಕೆಯ ಬೆನ್ನ ಮೇಲೆ ಹಲಗೆಗಳು ಮಲಗಿರುತ್ತವೆ, ಸ್ಪಾಯ್ಲರ್ ಅಂತ. ಚಕ್ರ ನೆಲಕ್ಕೆ ತಾಗಿದೊಡನೆ ಅವು ಎದ್ದು ನಿಲ್ಲುತ್ತವೆ. ಆಗ ರೆಕ್ಕೆಯ ಎತ್ತುವ ಬಲ ಹೋಗಿ, ಭಾರವೆಲ್ಲ ಚಕ್ರದ ಮೇಲೆ ಕೂತು ಬ್ರೇಕು ಹಿಡಿಯುತ್ತದೆ.

"ನೋಡಿ, ಇಂಗೆ," ಎಂದು ಬೆರಳು ಸೆಟೆಸಿ ಅಂಗೈಯನ್ನು ಗಾಳಿಗೆದುರು ನಿಲ್ಲಿಸಿದರು.

ಅವರ ಮುಂದಿನ ಸೀಟಿನ ಮುದುಕನೊಬ್ಬ ಅದೇ ಗಳಿಗೆಗೆ ಬಾಯ್ತುಂಬ ಎಲೆಅಡಿಕೆ ಕಿಟಕಿಯಾಚೆ ಉಗಿದ. ನನ್ನ ಮುಖಕ್ಕೆ ಬರಬೇಕಾದದ್ದು ಪಚಕ್ಕನೆ ಆ ಅಂಗೈಗೆ ಬಡಿಯಿತು. ಕೆಂಪು ಲೋಳೆ, ಹೊಗೆಸೊಪ್ಪಿನ ನಾತ. ಅವರು ಕೈಯನ್ನು ಎಲ್ಲೂ ಒರೆಸದೆ, ಬೆಟ್ಟ ಹತ್ತುವವರೆಗೂ ಹಾಗೇ ಆಚೆ ಹಿಡಿದಿದ್ದರು.

ಮೇಲೆ ನಲ್ಲಿಯ ಹತ್ತಿರ ಕೈ ತೊಳೆದರೂ ಉಗುರಿನ ಸಂದಿನ ಕೆಂಪು ಹೋಗಲಿಲ್ಲ. ತೆಂಗಿನಕಾಯಿ ಅಂಗಡಿಯಿಂದ ನಾರು ತಂದು, ಮೂಗಿಗೆ ಸೆರಗು ಕಟ್ಟಿಕೊಂಡು ನಾನೇ ಉಜ್ಜಿದೆ.

"ಬೇಕಂತ್ಲೇ ಅಡ್ಡ ಹಿಡುದ್ರಾ?"

ಅವರು ಕಣ್ಣೆತ್ತಿ ನನ್ನನ್ನೇ ನೋಡಿದರು. "ಇಲ್ಲ ಕಣ್ರೀ. ನಾನ್ ತೋರುಸ್ತಿದ್ದೆ, ಅದು ಬಂದು ಬಿತ್ತು. ಬಿದ್ಮೇಲೆ ಒಳಕ್ಕೆ ಎಳ್ಕೊಂಡ್ರೆ ನಿಮ್ ಮೇಲೆ ತೊಟ್ಟಿಕ್ತಿತ್ತು."

ನಾರು ಹಿಡಿದ ನನ್ನ ಕೈ ನಿಂತಿತು. ಹೌದು ಅಂದಿದ್ದರೂ ನಾನು ನಂಬುತ್ತಿದ್ದೆ.

ಇಳಿಯುವ ಬಸ್ಸಿನಲ್ಲಿ ಅವ್ವ ಮೊಣಕೈಯಲ್ಲಿ ತಿವಿದಳು. ಮುಂದಿನ ಸೀಟಿನಲ್ಲಿದ್ದ ಅವರಿಗೂ ಕೇಳಲಿ ಎಂದೇ ಹೇಳಿದೆ:

"ಹೂಂ ಕಣವ್ವ. ಆದ್ರೆ ಆ ತಲೆ ಎಣ್ಣೆ ಬುಡುಸ್ಬೇಕು."

ಮುಂದೆ ಕೂತಿದ್ದವರು ತಿರುಗಲಿಲ್ಲ. ಮೆಲ್ಲಗೆ ಕರ್ಚೀಫು ತೆಗೆದು ಕತ್ತು ಒರೆಸಿಕೊಳ್ಳತೊಡಗಿದರು.