ಡಾಲ್ಫಿನ್ ರೈಲಿನ ಪಕ್ಕದ ಸೀಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನಗಾದದ್ದನ್ನು ಹೇಳುತ್ತೇನೆ. ಚಿಂತಾಮಣಿಯ ಹೊರಗಿನ ಸಣ್ಣ ಪಾರ್ಕೊಂದರಲ್ಲಿ ಡಾಲ್ಫಿನ್ ಮುಖದ ರೋಲರ್ ಕೋಸ್ಟರ್ ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಗೇಟು ತೆರೆಯುವ ಮುಂಚೆ ನಾನೇ ಒಂದು ಸುತ್ತು ಕೂತು ಪರೀಕ್ಷಿಸಬೇಕು. ಕಸ ಗುಡಿಸುವ ಓಬಳಮ್ಮ ಸ್ವಿಚ್ ಒತ್ತುತ್ತಾಳೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದ್ದರಿಂದ ದಿನದ ಮೊದಲ ಮಾತು ನನಗೆ ಓಬಳಮ್ಮನ ಜೊತೆಗೇ.

ಕಳೆದ ಏಪ್ರಿಲ್‌ನ ಒಂದು ಬುಧವಾರ, ಇಬ್ಬರು ಕೂರುವ ಸೀಟಿನಲ್ಲಿ ಒಬ್ಬನೇ ಕೂತು ತೊಡೆಯ ಮೇಲಿನ ಕಂಬಿ ಎಳೆದುಕೊಂಡೆ. ಅದು ಹೊಟ್ಟೆಯಿಂದ ಗೇಣು ದೂರದಲ್ಲೇ ನಿಂತಿತು. ಪಕ್ಕದಲ್ಲಿ ದಪ್ಪನೆಯವರು ಕೂತಾಗ ನಿಲ್ಲುತ್ತದಲ್ಲ, ಹಾಗೆ. ಎಷ್ಟು ಒತ್ತಿದರೂ ಇಳಿಯಲಿಲ್ಲ. "ತಡಿ ಓಬಳಮ್ಮ!" ಎನ್ನುವಷ್ಟರಲ್ಲಿ ರೈಲು ಹೊರಟಿತ್ತು.

ಮೇಲೇರಿದಾಗ ದೂರದಲ್ಲಿ ಅಂಬಾಜಿದುರ್ಗದ ಬೆಟ್ಟ ಬಿಸಿಲಲ್ಲಿ ಸುಡುತ್ತಿತ್ತು. ಖಾಲಿ ಸೀಟಿನ ಕಡೆಗಿದ್ದ ನನ್ನ ಎಡಗೈ ಮಾತ್ರ ತಣ್ಣಗಾಗಿತ್ತು. ಮೊದಲ ತಿರುವಿನಲ್ಲಿ ಯಾರೋ ಜಾರಿ ಬಂದು ನನ್ನ ಮೇಲೆ ಒರಗಿದರು. ಹಳಿ ನೇರವಾದ ಮೇಲೂ ಆ ಭಾರ ಸರಿಯಲಿಲ್ಲ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಎಲ್ಲಿ ಎದ್ದು ಹೋಗಿಬಿಡುತ್ತಾರೋ ಎಂಬ ಭಯ.

ರೈಲು ನಿಂತಾಗ ಓಬಳಮ್ಮ ಪೊರಕೆ ಹಿಡಿದೇ ಹತ್ತಿರ ಬಂದಳು.

"ಏನ್ ಮುರಳಣ್ಣ, ಒಂದೇ ಭುಜ ನೆಂದೈತೆ?"

"ಬೆವರಿರಬೇಕು ಕಣಮ್ಮ."

ಅವಳು ಮುಟ್ಟಿ ನೋಡಿ ಕೈ ಹಿಂದೆಳೆದಳು. "ಇಷ್ಟು ತಣ್ಣಗಿರೋ ಬೆವರಾ?"

ಎಡ ಭುಜದಲ್ಲಿ, ತಲೆ ಒರಗುವ ಜಾಗದಲ್ಲಿ, ಅಂಗೈಯಗಲ ಒದ್ದೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಒಣಗಿ, ಬಿಳಿ ಉಪ್ಪಿನ ಕಲೆ ಉಳಿಯಿತು. ಆ ಅಂಗಿಯನ್ನು ನಾನು ಇನ್ನೂ ಒಗೆದಿಲ್ಲ.