ಕೈಮರ ತೋರಿದ ದಾರಿ

ಬೆಳಿಗ್ಗೆ ಆರೂವರೆಗೆ ಠಾಣೆಗೆ ಬಂದ ಟೈಲರ್ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಗುಡ್ಡದ ಉದ್ಯಾನಕ್ಕೆ ನಡೆಯಲು ಹೋದ ಅವಳ ಅಕ್ಕ ಮನೆಗೆ ಮರಳಿರಲಿಲ್ಲ.

“ಮನೇಲಿ ಏನಾದ್ರೂ ಮಾತು ಬಂದಿತ್ತಾ?” ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ಮಂಡಿ ನೋವು ಅಂತ ಕೂತೇ ಇರ್ತಿದ್ಲು. ನಾನೇ ಗದರಿಸಿ ಕಳಿಸ್ದೆ.”

ಎಫ್‌ಐಆರ್ ದಾಖಲಾಯಿತು. ಮಳೆಗಾಲ ಮುಗಿದ ಮೇಲೆ ಗುಡ್ಡದ ಕಾಲುದಾರಿಯಲ್ಲಿ ಮೂವರು ದಾರಿ ತಪ್ಪಿದ್ದರು. ಮೂವರನ್ನೂ ಉದ್ಯಾನದ ಕಾವಲುಗಾರ ಕತ್ತಲಾಗುವ ಮುಂಚೆ ಹುಡುಕಿ ತಂದಿದ್ದ. ಇನ್‌ಸ್ಪೆಕ್ಟರೇ ಅವನ ಬೆನ್ನು ತಟ್ಟಿದ್ದರು. ನಾಲ್ಕನೆಯವಳನ್ನು ಯಾರೂ ತಂದಿರಲಿಲ್ಲ.

ತಂಗಿಯನ್ನೂ ಜೀಪಿನಲ್ಲಿ ಕರೆದುಕೊಂಡು ಹೋದಾಗ ಉದ್ಯಾನದ ಗೇಟು ತೆರೆದೇ ಇತ್ತು. ‘ರಾಜ್ಯ ಸರ್ಕಾರದ ಅನುದಾನದಲ್ಲಿ ಅಭಿವೃದ್ಧಿ’ ಎಂಬ ಫಲಕ ಕಾಲುದಾರಿಗಿಂತ ಅಗಲವಾಗಿತ್ತು. ಮೊದಲ ಬಸ್ಸಿನಿಂದ ಇಳಿದು ಓಡೋಡಿ ಬಂದ ಕಾವಲುಗಾರ ಪೊಲೀಸ್ ಜೀಪು ಕಂಡು ನಿಂತುಬಿಟ್ಟ. ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ.

“ನಿನ್ನೆ ಎಲ್ಲಿದ್ದೆ?”

“ಜಿಲ್ಲಾ ಕಚೇರಿಗೆ ಕರೆಸಿದ್ರು ಸಾರ್. ವಾಪಸ್ ಬರೋ ಕೊನೇ ಬಸ್ಸು ತಪ್ತು.”

“ಇಲ್ಲಿ ನಿನ್ನ ಬದಲು?”

“ಯಾರಿದ್ದಾರೆ ಸಾರ್? ನಾನೊಬ್ನೇ.”

ದಾರಿ ಕವಲೊಡೆಯುವಲ್ಲಿ ಒಂದು ಕೈಮರ ‘ಹೊರದಾರಿ’ ಎಂದು ಎಡಕ್ಕೆ ಬೊಟ್ಟು ಮಾಡುತ್ತಿತ್ತು. ಮಹಿಳಾ ಕಾನ್‌ಸ್ಟೆಬಲ್ ಅದರ ಸುತ್ತ ಒಂದು ಸುತ್ತು ಬಂದಳು.

“ಸಾರ್, ಬಿಸಿಲು ಬೀಳೋ ಕಡೆ ಬಣ್ಣ ಹೊಸದಾಗೇ ಇದೆ. ನೆರಳಿನ ಕಡೆ ಮಾಸಿದೆ. ಇದನ್ನ ಯಾರೋ ತಿರುಗಿಸಿದ್ದಾರೆ.”

ಬುಡದ ಮಣ್ಣೂ ಸಡಿಲವಾಗಿತ್ತು. “ಯಾರೂ ಮುಟ್ಟಬೇಡಿ,” ಎಂದರು ಇನ್‌ಸ್ಪೆಕ್ಟರ್. “ಫೋಟೋಗ್ರಾಫರ್ ಬರೋ ತನಕ ಇದ್ದ ಹಾಗೇ ಇರಲಿ.”

ಅದು ತೋರಿದತ್ತ ಎಲ್ಲರೂ ನಡೆದರು. ಪೊದೆ ದಟ್ಟವಾಗುತ್ತ ಹೋಗಿ, ದಾರಿ ಒಮ್ಮೆಲೇ ಕೊರಕಲಿನ ಅಂಚಿಗೆ ಬಂದು ಮುಗಿಯಿತು. ಅಂಚಿನುದ್ದಕ್ಕೂ ಎರಡು ಮರಗಳ ನಡುವೆ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿತ್ತು. ಇನ್‌ಸ್ಪೆಕ್ಟರ್ ಮರ ಹಿಡಿದು ಬಗ್ಗಿ ನೋಡಿದರು. ಕೆಳಗೆ ಒಂದು ಬಂಡೆಯ ಮೇಲೆ ನೀಲಿ ಸೀರೆ ಕಾಣುತ್ತಿತ್ತು.

“ಅಕ್ಕಾ,” ಎಂದು ಕೂಗಿದಳು ತಂಗಿ.

ಕೆಳಗೆ ಒಂದು ಕೈ ಎದ್ದಿತು.

ಹನ್ನೊಂದರ ಹೊತ್ತಿಗೆ ಅಗ್ನಿಶಾಮಕದವರು ಅವಳನ್ನು ಮೇಲೆತ್ತಿದರು. ಕಾಲು ಮುರಿದಿತ್ತು. ಮಬ್ಬಿನಲ್ಲಿ ಜಾರಿದಾಗ ಹಗ್ಗ ಕೈಗೆ ಸಿಕ್ಕಿತಂತೆ. ತೋಳು ಸೋಲುವವರೆಗೂ ಹಿಡಿದು, ಕೆಳಗಿನ ಬಂಡೆಯತ್ತ ಕಾಲು ಚಾಚಿ ಕೈಬಿಟ್ಟಿದ್ದಳು. ಇಲ್ಲದಿದ್ದರೆ ನೇರ ತಳಕ್ಕೆ. ಅಕ್ಕ ತಂಗಿಯರನ್ನು ಹೊತ್ತು ಆಂಬುಲೆನ್ಸ್ ಹೊರಟಿತು.

ಪಂಚರ ಎದುರು ಪಂಚನಾಮೆ ಮಾಡಿ ಹಗ್ಗವನ್ನು ಜಪ್ತಿ ಮಾಡುವಾಗ ಕಾನ್‌ಸ್ಟೆಬಲ್ ಗಂಟನ್ನು ನೋಡಿದಳು. ಎರಡು ಸುತ್ತು, ತುದಿ ಒಳಕ್ಕೆ ಸಿಕ್ಕಿಸಿದ್ದು. ಅಂಥದ್ದೇ ಗಂಟು ಕಾವಲುಗಾರನ ಸೀಟಿಯ ದಾರದಲ್ಲಿತ್ತು.

“ಹಗ್ಗ ಕಟ್ಟಿದ್ದು ನೀನೇನಾ?” ಇನ್‌ಸ್ಪೆಕ್ಟರ್ ಕೇಳಿದರು.

“ಹೌದು ಸಾರ್.”

“ಯಾಕೆ?”

“ಯಾರೂ ಬೀಳಬಾರ್ದು ಅಂತ.”

“ಕೈಮರ ತಿರುಗಿಸಿದ್ದು?”

ಅವನು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. “ಅದೂ ನಾನೇ.”

ಮುಂದಿನದನ್ನು ತಲೆ ಎತ್ತದೆ ಹೇಳಿದ. ಅನುದಾನ ಬರುವುದು ಹೊಸ ದಾರಿ ಮಾಡಲಿಕ್ಕೆ, ಮಾಡಿದ ದಾರಿ ಕಾಯಲಿಕ್ಕಲ್ಲ. ಅವನ ಕೆಲಸ ರದ್ದಾಗುವ ಸುದ್ದಿ ಕಿವಿಗೆ ಬಿದ್ದಿತ್ತು. ಜನ ದಾರಿ ತಪ್ಪಿದರೆ, ತಾನೇ ಹುಡುಕಿ ತಂದರೆ, ಕಾವಲು ಬೇಕೆಂದು ಕಚೇರಿಗೆ ಅರಿವಾದೀತು ಅಂದುಕೊಂಡ. ಪ್ರತಿ ಸಲವೂ ಕೊರಕಲಿನ ಹತ್ತಿರವೇ ಕಾದು ಕೂತು, ಆಮೇಲೆ ಕೈಮರ ಸರಿ ಮಾಡುತ್ತಿದ್ದ.

“ನಿನ್ನೆ ತಿರುಗಿಸಿ ಇಲ್ಲೇ ಕೂತಿದ್ದೆ ಸಾರ್. ತಕ್ಷಣ ಬಾ ಅಂತ ಫೋನು ಬಂತು, ಕೆಳಗೆ ಬಸ್ಸು ನಿಂತಿತ್ತು, ಗಾಬರೀಲಿ ಓಡಿದೆ. ಕೈಮರ ನೆನಪಾಗಿದ್ದು ಕಚೇರಿ ಬೆಂಚಿನ ಮೇಲೆ. ಸಂಜೆ ತನಕ ಕೂರಿಸಿ, ಕೆಲಸ ಇಲ್ಲ ಅಂದ್ರು.”

“ಯಾರಿಗಾದ್ರೂ ಫೋನ್ ಮಾಡಬಹುದಿತ್ತಲ್ಲ?”

“ಭಯ ಆಯ್ತು ಸಾರ್.”

ಅವನನ್ನು ಬಂಧಿಸಿದರು. ಜೀಪು ಗುಡ್ಡ ಇಳಿಯುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ. “ಕೈಮರ ಸರಿ ಮಾಡಿದ್ರಾ ಸಾರ್?”

“ಇಲ್ಲ, ಫೋಟೋಗ್ರಾಫರ್ ಇನ್ನೂ ಬಂದಿಲ್ಲ. ಗೇಟು ಮುಚ್ಚಿರ್ತಾರಲ್ಲ.”

“ಯಾರು ಸಾರ್? ಬೀಗದ ಕೈ ನನ್ನ ಸೊಂಟದಲ್ಲಿದೆ.”

ಇನ್‌ಸ್ಪೆಕ್ಟರ್ ಹಿಂದೆ ತಿರುಗಿದರು. ಸೀಲು ಹಾಕಿದ ಹಗ್ಗದ ಕಟ್ಟು ಕಾನ್‌ಸ್ಟೆಬಲ್ ತೊಡೆಯ ಮೇಲಿತ್ತು. ಕೊರಕಲಿನ ಅಂಚಿನಲ್ಲಿ ಈಗ ಅದೂ ಇರಲಿಲ್ಲ.

“ಜೀಪು ತಿರುಗಿಸು.”

ಗೇಟಿನ ಬಳಿ ಎರಡು ಪುಟ್ಟ ಸೈಕಲ್‌ಗಳು ಒರಗಿದ್ದವು. ಇನ್‌ಸ್ಪೆಕ್ಟರ್ ಅವನ ಕೈಕೋಳ ಬಿಚ್ಚಿದರು. ಅವನು ಸೀಟಿ ಊದುತ್ತ ಓಡಿದ, ಇವರು ಹಿಂದೆ. ಕವಲಿನಲ್ಲಿ ಯಾರೂ ಇರಲಿಲ್ಲ. ಅವನು ಎಡಕ್ಕೆ ನುಗ್ಗಿದ. ಸೀಟಿ ಪೊದೆಗಳಾಚೆ ಕೇಳಿಸಿತು, ಆಮೇಲೆ ಅದೂ ನಿಂತಿತು. ಇನ್‌ಸ್ಪೆಕ್ಟರ್ ಕವಲಿನಲ್ಲೇ ನಿಂತು ಕಿವಿಗೊಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಇಬ್ಬರು ಹುಡುಗಿಯರ ಕೈ ಹಿಡಿದುಕೊಂಡು ಅವನು ಬಂದ. “ಈ ಅಂಕಲ್ ಸುಮ್‌ಸುಮ್ನೆ ಅಳ್ತಿದ್ದಾರೆ,” ಎಂದಳು ಚಿಕ್ಕವಳು.

ಅವನು ಕೈಮರವನ್ನು ತಬ್ಬಿ ಹಿಡಿದು ಸರಿಯಾದ ದಿಕ್ಕಿಗೆ ತಿರುಗಿಸಿ, ಬುಡದ ಮಣ್ಣನ್ನು ಪಾದದಿಂದ ತುಳಿದು ಗಟ್ಟಿ ಮಾಡಿದ. ಸಾಕ್ಷ್ಯ ಹೋಯಿತೆಂದು ಯಾರೂ ಹೇಳಲಿಲ್ಲ. ಆಮೇಲೆ ಕೋಳಕ್ಕೆ ತಾನೇ ಕೈ ಚಾಚಿದ.

“ನಾಳೆಯಿಂದ ಇಲ್ಲಿ ಯಾರಿರ್ತಾರೆ ಸಾರ್?”

ಇನ್‌ಸ್ಪೆಕ್ಟರ್ ಅವನ ಸೊಂಟದಿಂದ ಬೀಗದ ಕೈ ತೆಗೆದುಕೊಂಡರು. ಗೇಟಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರು.